ಗದಿಗೆಪ್ಪನವರ ಆಪ್ತಧ್ವನಿ

ಪೊಲೀಸರು ಕೈ ತೋರಿಸಿದ ಮೇಲೂ ನಿಲ್ಲದೆ ಗಾಡಿ ಓಡಿಸಿಕೊಂಡು ಹೋದವರಿಗೆ ಮೂರು ವರ್ಷ ಜೈಲು ಎಂಬ ಕಾನೂನು ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್ನು ಯಾರೂ ಓಡುವುದಿಲ್ಲ ಎಂದುಕೊಂಡರು. ಆದದ್ದೇ ಬೇರೆ. ಹೆಲ್ಮೆಟ್ ಇಲ್ಲವೆಂದೋ ಇನ್ಶೂರೆನ್ಸ್ ತೀರಿದೆಯೆಂದೋ ಹೆದರಿ ಎರಡು ಓಣಿ ಓಡಿ, ಆಮೇಲೆ ತಾವಾಗಿಯೇ ನಿಂತು ಹಲ್ಲು ಕಿರಿಯುತ್ತಿದ್ದ ಜನ, ಹೇಗೂ ಓಡಿಯಾಯಿತು, ಇನ್ನು ಸಿಕ್ಕರೆ ಜೈಲೇ ಗತಿ ಎಂದು ಜೀವದ ಹಂಗು ತೊರೆದು ಓಡತೊಡಗಿದರು. ಬೆನ್ನಟ್ಟಿದ ಪೊಲೀಸರು, ಓಡಿದವರು, ಇಬ್ಬರಿಗೂ ಸಂಬಂಧವಿಲ್ಲದ ದಾರಿಹೋಕರು ಎಲ್ಲರೂ ಒಂದೇ ಆಸ್ಪತ್ರೆಯ ಒಂದೇ ವಾರ್ಡಿನಲ್ಲಿ ಮಲಗುವಂತಾಯಿತು.

ಆಗ ಬಂದವರು ಡಾ. ಮೈತ್ರೇಯಿ. ಮೈಸೂರಿನ ಕಡೆಯವರು, ಮನುಷ್ಯರ ಕಿವಿಯ ಮೇಲೆ ಅರ್ಧ ಆಯುಷ್ಯ ಕಳೆದವರು. ಭಯದಿಂದ ಓಡುವವನ ಕಿವಿ ತೆರೆದೇ ಇದ್ದರೂ ಮಿದುಳು ಹೊರಗಿನ ಸದ್ದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ಅವರು ತೋರಿಸಿಕೊಟ್ಟಿದ್ದರು. ಸೈರನ್ ಕೇಳಿದರೆ ಕಾಲು ಎಕ್ಸಿಲೇಟರನ್ನು ಇನ್ನಷ್ಟು ಒತ್ತುತ್ತದೆ, ‘ನಿಲ್ಲು’ ಎಂದು ಕೂಗಿದರೆ ಅದು ಬರೀ ಗದ್ದಲ. ಆದರೆ ಬಹುಕಾಲ ಜೊತೆಗೆ ಬಾಳಿದವರ ದನಿಯೊಂದು ಮಾತ್ರ ಆ ಗದ್ದಲವನ್ನು ದಾಟಿ ಒಳಗೆ ಹೋಗುತ್ತದೆ. ಆ ದನಿ ಹೆಸರು ಹಿಡಿದು ಕರೆದರಂತೂ ಎದೆಬಡಿತ ಇಳಿಯುತ್ತದೆ, ಕೈಯ ಹಿಡಿತ ಸಡಿಲವಾಗುತ್ತದೆ, ಓಡುತ್ತಿದ್ದವನಿಗೆ ತಾನು ಯಾರ ಮನೆಯವನು ಎನ್ನುವುದು ನೆನಪಾಗುತ್ತದೆ.

ಅದರಿಂದಲೇ ಹುಟ್ಟಿದ್ದು ಆಪ್ತಧ್ವನಿ ಯೋಜನೆ. ಲೈಸೆನ್ಸ್ ಇರುವ ಪ್ರತಿಯೊಬ್ಬರೂ ತಾವು ಯಾರ ಮಾತು ಕೇಳುತ್ತಾರೋ ಅವರೊಬ್ಬರ ದನಿಯನ್ನು ನೋಂದಾಯಿಸಬೇಕು. ಪ್ರತಿ ಗಾಡಿಗೂ ಒಂದು ಮಾತಿನ ಡಬ್ಬಿ, ಸ್ಟೀರಿಂಗಿಗೆ ಎದೆಬಡಿತ ಹಿಡಿಯುವ ತೆಳುವಾದ ಪಟ್ಟಿ. ಯಾರಾದರೂ ನಿಲ್ಲದೆ ಓಡಿದರೆ ಪೊಲೀಸರು ಬೆನ್ನಟ್ಟುವುದಿಲ್ಲ. ನಮ್ಮ ಆಪ್ತಧ್ವನಿ ಕೇಂದ್ರಕ್ಕೆ ತಿಳಿಸುತ್ತಾರೆ, ನಾವು ಆ ಆಪ್ತರಿಗೆ ಫೋನ್ ಮಾಡಿ ದನಿಯನ್ನು ಗಾಡಿಯೊಳಗೆ ಜೋಡಿಸುತ್ತೇವೆ. ರಸ್ತೆಯ ಮುಂದಿನ ಮುಳ್ಳುಗೇಟು ಬರುವುದರೊಳಗೆ ನಿಂತರೆ ಅದು ಬರೀ ತಪ್ಪು, ದಂಡ ಮತ್ತು ಬೈಗುಳಕ್ಕೆ ಮುಗಿಯುತ್ತದೆ. ನಿಲ್ಲದಿದ್ದರೆ ರಸ್ತೆಯಿಂದ ಕಬ್ಬಿಣದ ಮುಳ್ಳುಗಳು ಎದ್ದು ಟೈರು ಸೀಳುತ್ತವೆ, ಆ ಕ್ಷಣದಿಂದ ಅದು ಅಪರಾಧ, ಮೂರು ವರ್ಷ.

ಜನ ಇದಕ್ಕೆ ಒಗ್ಗಿಕೊಂಡ ಚಂದವನ್ನು ನೋಡಬೇಕಿತ್ತು. ನಮ್ಮ ಹುಬ್ಬಳ್ಳಿಯಲ್ಲಿ ಅದನ್ನು ಯಾರೂ ಆಪ್ತಧ್ವನಿ ಎನ್ನಲಿಲ್ಲ, ‘ಅವ್ವನ ಫೋನು’ ಎಂದರು. ಮದುವೆಯಾದ ಮರುವಾರವೇ ಅತ್ತೆ ಸೊಸೆಯರ ನಡುವೆ ಹುಡುಗನ ಅವ್ವನ ಫೋನು ಇನ್ನು ಮುಂದೆ ಯಾರು ಎಂದು ಜಟಾಪಟಿ. ಕೇಶ್ವಾಪುರದವನೊಬ್ಬ ಹೆಂಡತಿಯನ್ನು ನೋಂದಾಯಿಸಿ, ಒಮ್ಮೆ ಓಡಿ, ಆಕೆಯ ದನಿ ಕೇಳುತ್ತಲೇ ಇನ್ನೂ ಜೋರಾಗಿ ಓಡಿ, ಜೈಲಿಗೆ ಹೋಗುವ ಮೊದಲು ಹೆಸರು ಬದಲಾಯಿಸಲು ಬಂದಿದ್ದ. ತನ್ನ ಸಾಲಿ ಮಾಸ್ತರರನ್ನು ಬರೆಸಿದ ಗಂಡಾಳೊಬ್ಬ ಮಾಸ್ತರರ ಒಂದೇ ಗದರಿಕೆಗೆ ನಡುರಸ್ತೆಯಲ್ಲಿ ನಿಂತು ಕಿವಿ ಹಿಡಿದುಕೊಂಡಿದ್ದನ್ನು ನಾವು ಪರದೆಯಲ್ಲಿ ನೋಡಿದೆವು. ಆ ಕೆಲಸ ನನಗೆ ಬಲು ಇಷ್ಟವಾಗಿತ್ತು. ನಾನು ರೇಣುಕಾ ಹಾದಿಮನಿ, ಆ ಕೇಂದ್ರದಲ್ಲಿ ಕರೆ ಜೋಡಿಸುವವಳು.

ಆಮೇಲೆ ಒಂದು ನಿಯಮ ಹೆಚ್ಚಾಯಿತು. ಕಳ್ಳರ ಗುಂಪೊಂದು ಯಾವನೋ ಗೆಳೆಯನ ದನಿ ನೋಂದಾಯಿಸಿ, ಕರೆ ಜೋಡಿಸಿದ ಮೇಲೆ ಯಾವ ಓಣಿಯಲ್ಲಿ ತಪ್ಪಿಸಿಕೊಳ್ಳಬೇಕೆಂದು ಅವನಿಂದಲೇ ಹೇಳಿಸಿಕೊಂಡಿತು. ಅಂದಿನಿಂದ ಡಾ. ಮೈತ್ರೇಯಿ ಯಂತ್ರಕ್ಕೆ ಒಂದು ಬೀಗ ಹಾಕಿದರು. ಆಪ್ತರು ಮೊದಲು ಚಾಲಕನ ಹೆಸರು ಹಿಡಿದು ಕರೆಯಬೇಕು. ದನಿಯಲ್ಲಿ ನಿಜವಾದ ಆಪ್ತತೆ ಇದೆಯೋ ಇಲ್ಲವೋ ಎಂಬುದು ಹೆಸರು ಹೇಳುವಾಗ ಬಚ್ಚಿಡಲು ಬರುವುದಿಲ್ಲವಂತೆ, ಯಂತ್ರ ಅದನ್ನು ತೂಗಿ ನೋಡುತ್ತದೆ. ಒಪ್ಪಿದರೆ ಮಾತ್ರ ಹಸಿರು ದೀಪ. ಆಗ ಆ ಹೆಸರು ಹೇಳಿದ ತುಣುಕೇ ಮೊದಲು ಗಾಡಿಯೊಳಗೆ ಕೇಳಿಸಿ, ಅದರ ಬೆನ್ನಿಗೆ ನೇರ ಮಾತಿನ ದಾರಿ ತೆರೆಯುತ್ತದೆ. ಈ ಬೀಗಕ್ಕೆ ಬೇರೆ ಕೀಲಿ ಇಡಲಿಲ್ಲ. ಇಟ್ಟರೆ ಅದೂ ಕಳ್ಳರ ಕೈಗೆ ಹೋಗುತ್ತದೆ ಎಂಬುದು ಮೇಡಂ ಅವರ ವಾದ. ನಾವೆಲ್ಲ ಭೇಷ್ ಎಂದೆವು. ನಾನು ನನ್ನ ಗಂಡನನ್ನು ಮೂರು ಮನೆಗೆ ಕೇಳುವಂತೆ ಹೆಸರು ಹಿಡಿದೇ ಕೂಗುವವಳು, ನನಗೇನು ಹೊಳೆಯಬೇಕು.

ಇಲ್ಲಿಂದ ಮುಂದಿನದರಲ್ಲಿ ಅರ್ಧ ನಾನು ಕಂಡದ್ದು, ಅರ್ಧ ಅಣ್ಣಿಗೇರಿಯಲ್ಲಿ ನೀಲಗಂಗವ್ವನ ಒಲೆಯ ಮುಂದೆ ಕೂತು ಬಿಸಿ ರೊಟ್ಟಿ ತಿನ್ನುತ್ತ ಕೇಳಿದ್ದು.

ನೀಲಗಂಗವ್ವ ಕೋಳಿವಾಡ ತಮ್ಮ ಓಣಿಯ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಖಡಕ್ ರೊಟ್ಟಿ ಮಾಡುತ್ತಿದ್ದರು. ರೊಟ್ಟಿ ಮಾಡುವ ಯಂತ್ರಗಳು ಊರ ತುಂಬ ಬಂದಿದ್ದರೂ, ಕೈಯಲ್ಲಿ ಬಡಿದ ರೊಟ್ಟಿಯೇ ಬೇಕು ಎನ್ನುವ ಖಾನಾವಳಿಗಳು ಹುಬ್ಬಳ್ಳಿಯಲ್ಲಿ ಇನ್ನೂ ಇದ್ದವು. ದಿನಾ ಮುಂಜಾನೆ ಬುಟ್ಟಿಗಳನ್ನು ವ್ಯಾನಿಗೆ ಏರಿಸಿಕೊಂಡು ಅಲ್ಲಿಗೆ ಮುಟ್ಟಿಸುವವರು ಅವರ ಗಂಡ ಗದಿಗೆಪ್ಪನವರು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು, ಒಂದು ನಾಯಿಗೂ ಬಂಪರ್ ತಾಗಿಸಿದವರಲ್ಲ. ಅವರ ಖಾಕಿ ಟೋಪಿ ಈಗಲೂ ತಲೆಯ ಮೇಲೆ ಇರುತ್ತಿತ್ತು, ಸ್ನಾನಕ್ಕೆ ಹೋಗುವಾಗ ಮಾತ್ರ ಮೊಳೆಗೆ ಏರುತ್ತಿತ್ತು.

ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಇದ್ದ ಅಕ್ಕರೆ ಓಣಿಗೆಲ್ಲ ಗೊತ್ತಿತ್ತು, ಅವರಿಬ್ಬರು ಮಾತ್ರ ಅದನ್ನು ಬಾಯಿಬಿಟ್ಟು ಹೇಳಿಕೊಂಡವರಲ್ಲ. ನೀಲಗಂಗವ್ವ ಗಂಡನನ್ನು ಕರೆಯುತ್ತಿದ್ದದ್ದು ‘ರೀ’ ಎಂದು, ಊರವರ ಮುಂದೆ ‘ನಮ್ಮ ಮನ್ಯಾವ್ರು’ ಎಂದು, ಮಗಳು ಶಾಂತಾಳ ಮುಂದೆ ‘ನಿಮ್ಮಪ್ಪ’ ಎಂದು. ಹೆಸರು ಬಾಯಿಗೆ ಬರುವುದು ಹೋಗಲಿ, ಹೆಸರಿಗೆ ಹತ್ತಿರದ ಮಾತನ್ನೂ ಅವರು ಆಡುತ್ತಿರಲಿಲ್ಲ. ಮಠಕ್ಕೆ ಹೋದರೆ ಗದ್ದಿಗೆಗೆ ಕೈ ಮುಗಿದು ಬಂದೆ ಎನ್ನುವವರಲ್ಲ, ಅಜ್ಜಾರು ಕೂಡೋ ಜಾಗಕ್ಕ ಹೋಗಿದ್ದೆ ಎನ್ನುವರು. ಗದಿಗೆಪ್ಪನವರೂ ಅಷ್ಟೇ, ಹೆಂಡತಿಯನ್ನು ‘ಏ, ಕೇಳಿಲ್ಲಿ’ ಎಂದು ಕರೆದೇ ಮುದುಕರಾದವರು.

ಹೆಂಡತಿಯ ದನಿಯನ್ನು ನೋಂದಾಯಿಸಿದಾಗ ಈ ಹೆಸರಿನ ಬೀಗ ಇನ್ನೂ ಬಂದಿರಲಿಲ್ಲ. ಒಂದರಿಂದ ಇಪ್ಪತ್ತು ಎಣಿಸಿ ಎಂದಿದ್ದರಂತೆ, ನೀಲಗಂಗವ್ವ ಎಣಿಸಿ ಬಂದಿದ್ದರು. ಅಲ್ಲಿಗೆ ಅದನ್ನು ಮರೆತೂಬಿಟ್ಟಿದ್ದರು.

ಆ ವರ್ಷ ಗದಿಗೆಪ್ಪನವರ ಕಣ್ಣಿಗೆ ಒಂದು ರೋಗ ಹತ್ತಿತು. ಎದುರಿಗಿದ್ದದ್ದು ನಿಚ್ಚಳ, ಎಡಬಲಕ್ಕೆ ಮಬ್ಬು. ಪರೀಕ್ಷೆ ಮಾಡಿದ ಡಾಕ್ಟರು ಇನ್ನು ಗಾಡಿ ಹಿಡಿಯಕೂಡದು ಎಂದರು, ಅದೇ ದಿನ ಲೈಸೆನ್ಸ್ ರದ್ದಾಯಿತು. ಗದಿಗೆಪ್ಪನವರು ಮನೆಗೆ ಬಂದು ಚಹಾ ಕುಡಿದರು, ಡಾಕ್ಟರು ಏನಂದರು ಎಂದು ಕೇಳಿದ್ದಕ್ಕೆ ಎಲ್ಲಾ ನೆಟ್ಟಗಿದೆ ಎಂದರು. ತಾನು ಗಾಡಿ ಬಿಟ್ಟರೆ ಈಕೆಯ ರೊಟ್ಟಿ ನಿಲ್ಲುತ್ತದೆ, ಈಕೆ ಕಟ್ಟಿದ್ದೆಲ್ಲ ತನ್ನ ಕಣ್ಣಿನಿಂದ ಹಾಳಾಗುತ್ತದೆ ಎಂಬುದೊಂದೇ ಅವರ ತಲೆಯಲ್ಲಿ ಕೂತಿತ್ತು. ಮರುದಿನ ಎಂದಿನಂತೆ ಬುಟ್ಟಿ ಏರಿಸಿಕೊಂಡು ಹೊರಟರು. ಮಾಡಿದ್ದು ದೊಡ್ಡ ತಪ್ಪು, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಯಾರಿಗಾಗಿ ಮಾಡಿದರು ಎಂಬುದನ್ನೂ ಹೇಳಲೇಬೇಕು.

ಹಾಗೇ ಎಷ್ಟೋ ದಿನ ನಿಧಾನವಾಗಿ ಎಡಬದಿ ಹಿಡಿದುಕೊಂಡು ಹೋಗಿ ಬಂದರು. ಒಂದು ದಿನ ನಲವಡಿ ಕ್ರಾಸಿನಲ್ಲಿ ಪೊಲೀಸರು ನಿಂತಿದ್ದರು. ಕೈ ತೋರಿಸಿದ ಪೊಲೀಸ್ ಹುಡುಗ ಎಡಬದಿಯ ಮಬ್ಬಿನೊಳಗಿನಿಂದ ಒಮ್ಮೆಲೇ ಎದುರಿಗೆ ಬಂದಂತಾಯಿತಂತೆ. ಆ ಹುಡುಗನನ್ನು ತಪ್ಪಿಸಿ ಮುಂದೆ ಹೋಗಿ ಬ್ರೇಕ್ ಹಾಕಬೇಕೆನ್ನುವಷ್ಟರಲ್ಲಿ ಲೈಸೆನ್ಸ್ ನೆನಪಾಯಿತು. ಮೂವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪು ಮಾಡದ ಕಾಲು ಬ್ರೇಕ್ ಬಿಟ್ಟು ಎಕ್ಸಿಲೇಟರ್ ಮೇಲೆ ಹೋಯಿತು.

ನಮ್ಮ ಪರದೆಯ ಮೇಲೆ ಕೆಂಪು ಚುಕ್ಕೆ ಹೊತ್ತಿಕೊಂಡಿತು. ಹಳೆಯ ವ್ಯಾನು, ಎತ್ತರದ್ದು, ಹಿಂದೆ ಸರಕು. ಮುಂದಿನ ಮುಳ್ಳುಗೇಟು ಶಿರಗುಪ್ಪಿಯ ಹತ್ತಿರ. ಸ್ಟೀರಿಂಗಿನ ಪಟ್ಟಿಯಿಂದ ಬರುತ್ತಿದ್ದ ಎದೆಬಡಿತದ ಗೆರೆ ಏರಿ ಏರಿ ಪರದೆಯ ಮೇಲಂಚಿಗೆ ಮುಟ್ಟಿತ್ತು. ಆ ವೇಗದಲ್ಲಿ ಅಂಥ ಗಾಡಿ ಮುಳ್ಳಿನ ಮೇಲೆ ಹೋದರೆ ಪಲ್ಟಿಯಾಗುವುದು ಖಂಡಿತ, ಜೈಲಿನ ಮಾತು ಆಮೇಲಿನದು. ತಿಂಗಳ ತಪಾಸಣೆಗೆ ಬಂದಿದ್ದ ಡಾ. ಮೈತ್ರೇಯಿ ನನ್ನ ಬೆನ್ನ ಹಿಂದೆ ನಿಂತು ನೋಡುತ್ತಿದ್ದರು. ನಾನು ಆಪ್ತರ ನಂಬರಿಗೆ ಹಚ್ಚಿದೆ. ಅತ್ತ ಕಡೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

ವಿಷಯ ಹೇಳಿದೆ. ಬಡಿಯುವ ಸದ್ದು ನಿಂತಿತು. ಹೆಸರು ಹೇಳಿ ಕರೆದ ಕೂಡಲೇ ನಿಮ್ಮ ಮಾತು ಅವರ ಗಾಡಿಯೊಳಗೆ ಹೋಗುತ್ತದೆ, ಬೇಗ ಹೇಳಿ ಎಂದೆ.

"ಹೆಸರಾ?" ಎಂದರು ನೀಲಗಂಗವ್ವ.

ಮೊದಲು ನಾನು ಗಾಬರಿಗೆ ಹಾಗಾಗಿದೆ ಎಂದುಕೊಂಡೆ. ಅವರೋ, ಹುಟ್ಟಿದ ಊರು ಹೇಳುತ್ತೇನೆ, ಓಡಿಸುತ್ತಿದ್ದ ಬಸ್ಸಿನ ನಂಬರ್ ಹೇಳುತ್ತೇನೆ, ಬೆನ್ನಿನ ಮೇಲಿನ ಮಚ್ಚೆ ಎಲ್ಲಿದೆ ಎಂದು ಬೇಕಾದರೂ ಹೇಳುತ್ತೇನೆ ಎಂದು ಅಂಗಲಾಚಿದರು. ಯಂತ್ರಕ್ಕೆ ಅದೇನೂ ಬೇಡ, ಹೆಸರೊಂದೇ ಬೇಕು ಎಂದು ನಾನೂ ಅಂಗಲಾಚಿದೆ. ‘ರೀ’ ಎಂದು ಕೂಗಿ ನೋಡಿದರು. ಕೆಂಪು ದೀಪ ಕೆಂಪಾಗಿಯೇ ಇತ್ತು. ‘ಶಾಂತಾನ ಅಪ್ಪಾ’ ಎಂದರು. ಅದಕ್ಕೂ ಕೆಂಪೇ. ಚುಕ್ಕೆ ಅರ್ಧ ದಾರಿ ದಾಟಿತ್ತು.

"ಅಮ್ಮಾರ, ಹೇಳಿಬಿಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ. ಹೇಳ್ದಿದ್ರ ಅವರು ಉಳಿಯೂದಿಲ್ಲ" ಎಂದೆ. ಹಾಗೆ ಹೇಳಬಾರದೆಂದು ನಮಗೆ ತರಬೇತಿಯಲ್ಲಿ ಕಲಿಸಿರುತ್ತಾರೆ.

ಅವರ ಮಾತು ಗಟ್ಟಿಯಾಗಿತ್ತು. "ಯವ್ವಾ, ಗಂಡನ ಹೆಸರು ಬಾಯಾಗ ತಂದ್ರ ಅವನ ಆಯುಷ್ಯ ಕಡಿಮಿ ಆಗತೈತಿ ಅಂತ ನಮ್ಮವ್ವ ಹೇಳಿ ಕಳಿಸ್ಯಾಳ. ಚಂದಾಗಿ ಮನ್ಯಾಗ ಕುಂತಾಗ ಒಂದಿನಾನೂ ಹೇಳಿಲ್ಲ. ಈಗ ಅವರ ಜೀವಾ ತೂಗಾಡೂ ಹೊತ್ತಿನ್ಯಾಗ ಹೇಳ್ಲೇನು? ನಾನ ಕೈಯಾರೆ ಕೊಂದಂಗ ಆಗೂದಿಲ್ಲೇನು?"

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಅವರಿಗೆ ಹಟವಿರಲಿಲ್ಲ. ಇಷ್ಟು ವರ್ಷ ಒಂದು ಹೆಸರನ್ನು ನಾಲಿಗೆಯ ಹಿಂದೆ ಬಚ್ಚಿಟ್ಟುಕೊಂಡು ಗಂಡನ ಆಯುಷ್ಯ ಕಾಯ್ದಿದ್ದ ಹೆಂಗಸು ಅದು. ಏನು ಹೇಳುತ್ತಿದ್ದಾರೆ ಎಂದು ಡಾ. ಮೈತ್ರೇಯಿ ಕೇಳಿದರು, ಹೇಳಿದೆ. ಅವರು ಪಕ್ಕದ ಕುರ್ಚಿಯ ಮೇಲೆ ಕೂತುಬಿಟ್ಟರು. ತನ್ನ ಅಜ್ಜಿಯೂ ತಾತನನ್ನು ಹೆಸರಿಟ್ಟು ಕರೆದದ್ದು ಕೇಳಿಲ್ಲ, ಆ ಅಜ್ಜಿಯ ತೊಡೆಯ ಮೇಲೆ ಬೆಳೆದ ತಾನು ಬೀಗ ಮಾಡುವಾಗ ಕಾಲೇಜಿನ ಹುಡುಗ ಹುಡುಗಿಯರ ಮೇಲಷ್ಟೇ ಪ್ರಯೋಗ ಮಾಡಿದೆ ಎಂದರು. ಬೀಗ ತೆಗೆಯಲು ಬರುವುದಿಲ್ಲವೇ ಎಂದರೆ, ತೆಗೆಯಲು ಬಾರದಂತೆಯೇ ಮಾಡಿದ್ದೇನೆ ಎಂದು ತಲೆ ಹಿಡಿದುಕೊಂಡರು.

ನಾನು ಫೋನಿನಲ್ಲಿ ಏನು ಕೇಳುತ್ತಿದ್ದೇನೆ ಎಂದು ತಿಳಿಯದೆಯೇ ಕೇಳಿದೆ. "ಒಮ್ಮೆನೂ ಹೇಳಿಲ್ಲೇನ್ರಿ ಅಮ್ಮಾರ? ಲಗ್ನ ಆದಾಗಿಂದ ಒಮ್ಮೆನೂ?"

"ಲಗ್ನದಾಗ ಹೇಳಿದ್ದೆ" ಎಂದರು. "ಹೊಸ್ತಲದಾಗ ನಿಂದ್ರಿಸಿ ಎಲ್ಲಾರೂ ಕಾಡಿದ್ರು. ಒಡಪು ಹಾಕಿ ಹೇಳಿದ್ದೆ."

ನಮ್ಮ ಕಡೆಯ ಮದುವೆ ನೋಡಿದವರಿಗೆ ಇದು ಗೊತ್ತು. ಹೊಸ ಮದುಮಗಳನ್ನು ಮನೆ ತುಂಬಿಸಿಕೊಳ್ಳುವಾಗ ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳು, ಆಮೇಲೆ ಒಳಗೆ ಬಾ ಎಂದು ಪೀಡಿಸುತ್ತಾರೆ. ಆಕೆ ಪ್ರಾಸ ಕಟ್ಟಿದ ಎರಡು ಮೂರು ಸಾಲುಗಳ ಒಡಪಿನಲ್ಲಿ ಹೆಸರನ್ನು ಸೇರಿಸಿ ಹೇಳಬೇಕು. ನನ್ನ ಮದುವೆಯಲ್ಲಿ ನಾನು ಯಾರೋ ಬರೆದುಕೊಟ್ಟದ್ದನ್ನು ಫೋನು ನೋಡಿ ಓದಿ ಒಳಗೆ ನುಗ್ಗಿದ್ದೆ.

"ಒಡಪಿನ್ಯಾಗ ಹೇಳಿದ್ರ ಆಯುಷ್ಯ ಕಡಿಮಿ ಆಗತೈತೇನ್ರಿ?"

"ಛೆ, ಅದ ಹೆಂಗ ಆಗತೈತಿ? ಅದು ದೇವರ ಮುಂದಿನ ಮಾತು. ಅದರಿಂದ ಹೆಚ್ಚಿಗಿ ಆಗತೈತಿ."

"ಹಂಗಾರ ಅದನ್ನ ಹೇಳ್ರಿ."

ಅಂಥ ಹೊತ್ತಿನಲ್ಲೂ ಅವರಿಗೆ ನಾಚಿಕೆಯಾಯಿತು. ರೊಟ್ಟಿ ಬಡಿಯುವ ಹೆಂಗಸರು ಹಿಟ್ಟಿನ ಕೈಯಲ್ಲೇ ಸುತ್ತ ಬಂದು ನಿಂತಿದ್ದರಂತೆ. ಅವರಲ್ಲೊಬ್ಬಳು ‘ಹೇಳಬೇ ಯಕ್ಕಾ’ ಎಂದದ್ದು ನನಗೂ ಕೇಳಿತು. ನೀಲಗಂಗವ್ವ ಸೆರಗು ತಲೆಯ ಮೇಲೆ ಹೊದ್ದುಕೊಂಡು, ಇಪ್ಪತ್ತು ವರ್ಷದ ಹುಡುಗಿಯಾಗಿ ಹೊಸ್ತಿಲಲ್ಲಿ ನಿಂತಾಗ ಹೇಳಿದ್ದನ್ನು ಹೇಳಿದರು.

"ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿಗೆ ತಗದ್ರ ಚಂದ,
ಅಂಚಿನ ಸೀರಿ ನಿರಿಗಿ ನೀಟ ಹಿಡದ್ರ ಚಂದ,
ಸಂಜಿ ಆಗೂದ್ರಾಗ ಗದಿಗೆಪ್ಪನವರು ಮನಿಗೆ ಬಂದ್ರ ಚಂದ."

ಕೆಂಪು ಹೋಗಿ ಹಳದಿಯಾಯಿತು. ಎಣಿಕೆಯ ದನಿಯನ್ನು ಈ ರಾಗದ ದನಿಯೊಂದಿಗೆ ಹೋಲಿಸಿ ನೋಡಲು ಯಂತ್ರ ತಡವರಿಸುತ್ತಿತ್ತು. ಡಾ. ಮೈತ್ರೇಯಿ ನನ್ನ ಭುಜ ಹಿಡಿದದ್ದು ಎಷ್ಟು ಬಿಗಿಯಾಗಿತ್ತೆಂದರೆ ಎರಡು ದಿನ ಕಪ್ಪಿಟ್ಟಿತ್ತು. ಆಮೇಲೆ ಹಸಿರು ಬಂತು, ಮತ್ತು ಆಪ್ತತೆಯ ಅಳತೆ ತೋರಿಸುವ ಕಡ್ಡಿ ನಾನು ಅಲ್ಲಿಯವರೆಗೆ ಯಾವ ಕರೆಯಲ್ಲೂ ಕಾಣದಷ್ಟು ಮೇಲಕ್ಕೆ ಹೋಗಿ ನಿಂತಿತು.

ವ್ಯಾನಿನೊಳಗೆ ಏನಾಯಿತು ಎಂಬುದನ್ನು ಗದಿಗೆಪ್ಪನವರು ಮುಂದೆ ಎಷ್ಟೋ ಸಲ ಹೇಳಿದ್ದಾರೆ, ಪ್ರತಿ ಸಲವೂ ಒಂದಿಷ್ಟು ಉಪ್ಪು ಖಾರ ಹೆಚ್ಚಿಗೆ ಬೀಳುತ್ತದೆ. ಅವರಿಗೆ ಎರಡೂ ಬದಿ ಕತ್ತಲು, ನಡುವೆ ಓಡಿ ಬರುವ ರಸ್ತೆಯೊಂದೇ ಕಾಣುತ್ತಿತ್ತು. ಡಬ್ಬಿ ‘ನಿಲ್ಲಿಸಿ, ನಿಲ್ಲಿಸಿ’ ಎಂದು ಅರಚುತ್ತಿದ್ದದ್ದು ಕಿವಿಗೆ ಹೋಗಿಯೇ ಇರಲಿಲ್ಲ. ಒಮ್ಮೆಲೇ ಹೆಂಡತಿ ತನ್ನ ಹೆಸರು ಹೇಳಿದ್ದು ಕೇಳಿತು. ಆಕೆ ಹೆಸರು ಹೇಳಿದ್ದಾಳೆ ಎಂದರೆ ತಾನು ಆಗಲೇ ಸತ್ತುಹೋಗಿರಬೇಕು ಎಂದುಕೊಂಡರಂತೆ. ಸತ್ತವನಿಗೆ ಯಾವ ಪೊಲೀಸರ ಭಯ. ಹಾಗೆಂದು ಕಾಲು ತಾನಾಗಿ ಎಕ್ಸಿಲೇಟರಿನಿಂದ ಎದ್ದಿತು.

"ರೀ, ಕೇಳಾಕತ್ತೇತೇನು?" ಎಂದರು ನೀಲಗಂಗವ್ವ. ಈಗ ದಾರಿ ತೆರೆದಿತ್ತು. "ಬ್ರೇಕ್ ಹಾಕ್ರಿ. ಸಾವಕಾಶ ಹಾಕ್ರಿ, ರೊಟ್ಟಿ ಪುಡಿಯಾಗ್ತಾವ."

ಎದೆಬಡಿತದ ಗೆರೆ ಇಳಿಯಿತು. ಕೆಂಪು ಚುಕ್ಕೆ ನಿಧಾನವಾಗಿ ಮುಳ್ಳುಗೇಟಿನ ಈಚೆಗೇ ನಿಂತಿತು. ನಿಂತ ಮೇಲೆ ಲೈನ್ ಕಡಿಯುವುದು ನನ್ನ ಕೆಲಸ. ನಾನು ಕಡಿಯಲಿಲ್ಲ, ಮೇಡಂ ಅವರೂ ಕಡಿ ಎನ್ನಲಿಲ್ಲ.

"ಏ, ಕೇಳಿಲ್ಲಿ" ಎಂದರು ಗದಿಗೆಪ್ಪನವರು. ಅಳುತ್ತಿದ್ದರು. "ನನಗ ಲೈಸೆನ್ಸ್ ಇಲ್ಲ. ಕಣ್ಣ ಹೋಗ್ಯಾವ. ನಿನ್ನ ಮುಂದ ಹೇಳಿಲ್ಲ."

"ಲೈಸೆನ್ಸಿಂದು ಗೊತ್ತಿರಲಿಲ್ಲ. ಕಣ್ಣಿಂದು ಗೊತ್ತೈತಿ. ಚಾದ ಕಪ್ಪು ಬಾಜೂಕ್ಕಿಟ್ರ ಕೆಡವ್ತೀರಿ ಅಂತ ನೆಟ್ಟಗ ಮುಂದ ಇಡಾಕತ್ತೀನಿ, ನೋಡಿಲ್ಲೇನು? ಗಾಡಿ ಬಿಡ್ರಿ ಅಂದ್ರ ಮುದುಕರಾಗಿಬಿಡ್ತೀರಿ ಅಂತ ಬಾಯಿ ಮುಚ್ಚಿಕೊಂಡಿದ್ದೆ. ನಂದೂ ತಪ್ಪೈತಿ. ಈಗ ಟೋಪಿ ಸರಿ ಹಾಕ್ಕೊಂಡು ಇಳೀರಿ, ಪೊಲೀಸರು ಬಂದ್ರ ಕೈ ಮುಗೀರಿ."

ಅವರು ಇಳಿದು ಕೈ ಮುಗಿದದ್ದನ್ನು ಗೇಟಿನ ಕ್ಯಾಮೆರಾದಲ್ಲಿ ನೋಡಿದೆವು. ಆಮೇಲೆ ಬುಟ್ಟಿಗಳನ್ನು ಖಾನಾವಳಿಗೆ ಮುಟ್ಟಿಸಿದ್ದು ಪೊಲೀಸರೇ. ಒಂದು ಬುಟ್ಟಿ ಕಡಿಮೆಯಾಗಿತ್ತು ಎಂಬ ಮಾತು ಬಂತು, ಮುರಿದ ರೊಟ್ಟಿಗಳನ್ನು ಶೇಂಗಾ ಚಟ್ನಿ ಜೊತೆ ಠಾಣೆಯಲ್ಲಿಯೇ ಮುಗಿಸಿದರಂತೆ.

ಕೋರ್ಟಿನಲ್ಲಿ ನ್ಯಾಯಾಧೀಶರು ಗದಿಗೆಪ್ಪನವರಿಗೆ ದಂಡ ಹಾಕಿದರು, ಇನ್ನೊಮ್ಮೆ ಸ್ಟೀರಿಂಗ್ ಮುಟ್ಟಿದರೆ ನೇರ ಜೈಲು ಎಂದು ಬೈದರು, ಗೇಟಿಗೆ ಮೊದಲು ನಿಂತದ್ದರಿಂದ ಅಪರಾಧವಲ್ಲ ಎಂದು ಬಿಟ್ಟರು. ನಾನು ಅದನ್ನು ಅಲ್ಲಿಗೆ ಮುಗಿದ ಪ್ರಕರಣ ಎಂದುಕೊಂಡಿದ್ದೆ. ಒಂದು ಮಧ್ಯಾಹ್ನ ಗದಿಗೆಪ್ಪನವರು ಕೇಂದ್ರದ ಬಾಗಿಲಿಗೆ ಬಂದು ಟೋಪಿ ತೆಗೆದು ನಿಂತರು. ಆ ದಿನದ ಮಾತನ್ನು ಯಂತ್ರ ಹಿಡಿದಿಟ್ಟುಕೊಂಡಿದೆಯಂತೆ ಹೌದೇ ಎಂದು ಕೇಳಿದರು. ಹೌದು, ಆದರೆ ಜೈಲಾಗದ ಪ್ರಕರಣಗಳ ದನಿಯನ್ನು ತಿಂಗಳೊಳಗೆ ಅಳಿಸಿಬಿಡುವುದು ನಿಯಮ ಎಂದೆ.

ಅವರು ಸ್ವಲ್ಪ ಯೋಚಿಸಿದರು. "ಹಂಗಾರ ಜೈಲಿಗೆ ಹೋದೋರ್ದು ಅಳಸೂದಿಲ್ಲೇನವಾ ತಂಗಿ?" ಎಂದರು.

ಮೂರು ವರ್ಷ ಜೈಲಿಗೆ ಹೋದರೂ ಅಡ್ಡಿಯಿಲ್ಲ ಎನ್ನುವ ಲೆಕ್ಕದಲ್ಲಿದ್ದರು ಆ ಮನುಷ್ಯ. ನನಗೆ ನಗು ತಡೆಯಲಾಗಲಿಲ್ಲ, ಕಣ್ಣೊರೆಸಿಕೊಳ್ಳುವುದೂ ತಪ್ಪಲಿಲ್ಲ. ಕೇಳಬೇಕೆನಿಸಿದರೆ ಮನೆಯಲ್ಲಿ ಅಮ್ಮಾರನ್ನೇ ಕೇಳಬಾರದೇ ಎಂದೆ. ಕೇಳಿದ್ದೇನೆ, ಆಕೆ ಲಟ್ಟಣಿಗೆ ತೋರಿಸುತ್ತಾಳೆ ಎಂದರು. ಅಳಿಸುವುದಕ್ಕೆ ಮೊದಲು ಒಂದು ಸಲ ಕೇಳಿಸಿದೆ. ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಟೋಪಿ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆಗೆ ನಡೆದರು.

ಡಾ. ಮೈತ್ರೇಯಿ ಬೀಗವನ್ನು ಬದಲಾಯಿಸಿದರು. ಈಗ ಹೆಸರೇ ಬೇಕೆಂದಿಲ್ಲ, ಮನೆಯಲ್ಲಿ ಹೇಗೆ ಕರೆಯುತ್ತೀರೋ ಹಾಗೆ ಕರೆದು ನೋಂದಾಯಿಸಿದರೆ ಸಾಕು. ನಮ್ಮ ಭಂಡಾರದಲ್ಲಿ ಈಗ ‘ರೀ’ಗಳು, ‘ಏನೂಂದ್ರೆ’ಗಳು, ‘ಇವ್ರೇ’ಗಳು ರಾಶಿ ರಾಶಿ ಬಿದ್ದಿವೆ. ಬಿಡುವಾದಾಗ ಮೇಡಂ ಕೂತು ಒಂದೊಂದನ್ನೇ ಕೇಳುತ್ತಾರೆ, ಸಂಶೋಧನೆ ಎನ್ನುತ್ತಾರೆ.

ಅಣ್ಣಿಗೇರಿಯ ರೊಟ್ಟಿ ಬಸ್ಸಿನಲ್ಲಿ ಬರುತ್ತಿತ್ತು, ಅರ್ಧ ಪುಡಿಯಾಗಿ. ಇದು ಹೀಗೇ ನಡೆಯದು ಎಂದು ನೀಲಗಂಗವ್ವ ಒಂದು ದಿನ ಹಿಟ್ಟಿನ ಕೈ ತೊಳೆದುಕೊಂಡು ವ್ಯಾನಿನ ಬಾಗಿಲು ತೆಗೆದು ಬಲಬದಿಗೆ ಏರಿ ಕೂತರಂತೆ. ಕಲಿಸುವವರು ಗದಿಗೆಪ್ಪನವರು, ಪಕ್ಕದ ಸೀಟಿನಲ್ಲಿ. ಊರ ಹೊರಗಿನ ಬಯಲಿನಲ್ಲಿ ಆ ಜಗಳ ನೋಡಲು ಜನ ಸೇರುತ್ತಿದ್ದರಂತೆ. ಗೇರು ಬದಲಿಸು ಎಂದರೆ, ನೀವೇನು ನನಗೆ ಕಂಡಕ್ಟರೇ ಎಂದು ಇವರು. ಆದರೂ ಕಲಿತರು. ಪರೀಕ್ಷೆಯಲ್ಲಿ ಮೊದಲ ಸಲಕ್ಕೇ ಪಾಸಾದರು, ಅದನ್ನು ಊರಿಗೆಲ್ಲ ಹೇಳಿ ಬಂದವರು ಗದಿಗೆಪ್ಪನವರು.

ಲೈಸೆನ್ಸ್ ಬಂದ ಮೇಲೆ ಆಪ್ತಧ್ವನಿಯ ನೋಂದಣಿಗೆ ಇಬ್ಬರೂ ನಮ್ಮಲ್ಲಿಗೆ ಬಂದರು. ನೀಲಗಂಗವ್ವ ಅಂಗಳದಲ್ಲಿ ವ್ಯಾನಿನೊಳಗೆ ಸ್ಟೀರಿಂಗ್ ಹಿಡಿದು ಕೂತಿರಬೇಕು, ಗದಿಗೆಪ್ಪನವರು ಒಳಗೆ ನನ್ನ ಮೈಕಿನ ಮುಂದೆ ಕರೆಯಬೇಕು, ಡಬ್ಬಿ ನೆಟ್ಟಗೆ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷೆ. ಪರದೆಯ ಮೇಲೆ ನೀಲಗಂಗವ್ವನ ಎದೆಬಡಿತದ ಗೆರೆ ಸಮವಾಗಿ ಹರಿಯುತ್ತಿತ್ತು. ಅಂದು ಡಾ. ಮೈತ್ರೇಯಿಯೂ ಇದ್ದರು. ಈಗ ಹೆಸರು ಹೇಳಬೇಕಾಗಿಲ್ಲ, ‘ಏ, ಕೇಳಿಲ್ಲಿ’ ಎಂದರೆ ಸಾಕು ಎಂದು ಗದಿಗೆಪ್ಪನವರಿಗೆ ತಿಳಿಸಿ ಹೇಳಿದೆ.

"ಅದು ಗೊತ್ತೈತಿ" ಎಂದರು. "ಆದ್ರ ಆಕಿ ನನ್ನ ಹೆಸರು ಹೇಳ್ಯಾಳ. ನಂದೊಂದು ಬಾಕಿ ಉಳದೈತಿ."

ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಎರಡು ಸಲ ಬಾಯಿ ತೆರೆದು ಎರಡು ಸಲವೂ ಮುಚ್ಚಿದರು. ನಾನೂ ಮೇಡಂ ಅವರೂ ಗೋಡೆಯ ಕಡೆಗೆ ನೋಡುತ್ತ ನಿಂತೆವು. ಕೊನೆಗೆ, ತಾವೇ ಕಟ್ಟಿದ್ದನ್ನು, ಮೈಕನ್ನು ದಿಟ್ಟಿಸುತ್ತ ಹೇಳಿದರು.

"ಎಡಕ್ಕ ಮಬ್ಬು, ಬಲಕ್ಕ ಮಬ್ಬು, ನಡುವ ಬೆಳಕಿನ ಗೆರಿ,
ಬಿಡದ ನೋಡಿದ್ರ ಅಲ್ಲಿ ಕಾಣ್ತಾಳ ನಮ್ಮ ನೀಲಗಂಗವ್ವ, ಖರೆ."

ದೀಪ ತಡವರಿಸದೆ ಹಸಿರಾಯಿತು. ಆದರೆ ಡಾ. ಮೈತ್ರೇಯಿ ಪರದೆಯ ಹತ್ತಿರಕ್ಕೆ ಬಗ್ಗಿದರು. ಆಪ್ತರ ದನಿ ಕೇಳಿದರೆ ಎದೆಬಡಿತ ಇಳಿಯಬೇಕು, ಅವರ ಶೋಧವೆಲ್ಲ ನಿಂತಿರುವುದು ಅದರ ಮೇಲೆ. ನೀಲಗಂಗವ್ವನ ಗೆರೆ ಮಾತ್ರ ಮೇಲಕ್ಕೆ ಜಿಗಿದು ಇಳಿಯದೆ ಅಲ್ಲೇ ಕುಣಿಯುತ್ತಿತ್ತು. ಯಂತ್ರ ಕೆಟ್ಟಿದೆಯೇ ನೋಡು ಎಂದರು ಮೇಡಂ. ಕೆಟ್ಟಿಲ್ಲ ಮೇಡಂ, ಅದು ಹಾಗೇ ಇರಲಿ ಬಿಡಿ ಎಂದೆ.

ಅಂಗಳದಲ್ಲಿ ಹಾರ್ನ್ ಕೇಳಿಸಿತು, ಒಮ್ಮೆ, ಮತ್ತೊಮ್ಮೆ ಉದ್ದಕ್ಕೆ. ಗದಿಗೆಪ್ಪನವರು ಗಡಿಬಿಡಿಯಿಂದ ಟೋಪಿ ತಲೆಗೇರಿಸಿದರು.

"ಕರ್ಯಾಕತ್ಯಾಳ" ಎಂದು, ಗೋಡೆ ಹಿಡಿದುಕೊಂಡು ಬಾಗಿಲ ಕಡೆಗೆ ಹೊರಟರು.